ಎಸ್‌ಆರ್‌ಎಕ್ಸ್ 700 ಸ್ನೋಮೊಬೈಲ್: ಚೋಕ್ ತೆಗೆದ ತಕ್ಷಣ ಆಫ್

ಡುಲುತ್_ಚಳಿ:
ನಮಸ್ಕಾರ. ಇರೋದು ಮಿನೆಸೋಟದಲ್ಲಿ. ಹೋದ ವಾರ ಹಿಮದ ಮೇಲೆ ಓಡಿಸೋ ಗಾಡಿ, 1998ರ ಯಮಾಹಾ ಎಸ್‌ಆರ್‌ಎಕ್ಸ್ 700 ತಗೊಂಡೆ. ಮೂರು ಸಿಲಿಂಡರ್, ಟೂ ಸ್ಟ್ರೋಕ್, 696 ಸಿಸಿ. ಹಿಂದಿನ ಮಾಲೀಕರು ಪೆಟ್ರೋಲ್ ತೆಗೆಯದೆ ಎರಡು ವರ್ಷ ಶೆಡ್‌ನಲ್ಲೇ ನಿಲ್ಲಿಸಿದ್ದರಂತೆ. ನಾಲ್ಕೈದು ಸಲ ಹಗ್ಗ ಎಳೆದರೆ ಸ್ಟಾರ್ಟ್ ಆಗುತ್ತೆ. ಅರ್ಧ ಚೋಕ್‌ನಲ್ಲಿ ಓಡುತ್ತೆ, ಚೋಕ್ ತೆಗೆದರೆ ಸತ್ತೇ ಹೋಗುತ್ತೆ. ಮೆಕ್ಯಾನಿಕ್ ಒಬ್ಬರು ಕಾರ್ಬುರೇಟರಿಗೆ ದೊಡ್ಡ ಜೆಟ್ (ಪೆಟ್ರೋಲ್ ಅಳೆದು ಬಿಡೋ ತೂತಿನ ತುಂಡು) ಹಾಕಿಸಿ ಅಂದರು. ಹಾಕಿಸಲಾ? "ಈ ಗುಜರಿಗೆ ಇನ್ನೆಷ್ಟು ಸುರೀತೀರಿ" ಅಂತ ಹೆಂಡತಿ ಬೈತಿದ್ದಾಳೆ ಬೇರೆ.

ಹಳೇ_ಟೂಸ್ಟ್ರೋಕ್:
ಜೆಟ್ ಬದಲಾಯಿಸಬೇಡಿ ಸಾರ್. ಚೋಕ್ ಎಳೆದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ ಹೋಗುತ್ತೆ. ಅದಿದ್ದರೆ ಮಾತ್ರ ಓಡುತ್ತೆ ಅಂದರೆ ಪೆಟ್ರೋಲ್ ಸಾಲುತ್ತಿಲ್ಲ. ಜೆಟ್ ಅಳತೆ ಸರಿಯಾಗೇ ಇದೆ, ತೂತು ಕಟ್ಟಿಕೊಂಡಿದೆ ಅಷ್ಟೇ. ನಿಂತ ಪೆಟ್ರೋಲ್ ಒಣಗಿ, ನಿಧಾನದ ಓಟಕ್ಕೆ ಪೆಟ್ರೋಲ್ ಕೊಡೋ ಪೈಲಟ್ ಜೆಟ್‌ನಲ್ಲಿ ಅಂಟಾಗಿ ಕೂರುತ್ತೆ.
ಒಂದು ಸುಲಭದ ಪರೀಕ್ಷೆ ಇದೆ. ಈ ಗಾಡಿಯಲ್ಲಿ ಸಿಲಿಂಡರಿಗೊಂದು ಹೊಗೆ ಪೈಪ್ ಅಲ್ವಾ? ಶೆಡ್ ಹೊರಗೆ ಸ್ಟಾರ್ಟ್ ಮಾಡಿ, ಒಂದು ನಿಮಿಷ ಬಿಟ್ಟು ಮೂರೂ ಪೈಪಿನ ಮೇಲೆ ಚಿಟಿಕೆ ಹಿಮ ಉದುರಿಸಿ. ದೋಸೆ ಕಾವಲಿಗೆ ನೀರು ಚಿಮುಕಿಸಿ ನೋಡ್ತೀವಲ್ಲ, ಹಾಗೆ. ಚುಂಯ್ ಅನ್ನದ ಪೈಪಿನ ಸಿಲಿಂಡರ್ ಮಲಗಿದೆ ಅಂತ ಅರ್ಥ. ಕ್ಲಚ್ ಹತ್ತಿರ ಮಾತ್ರ ಕೈ ಬೇಡ. ಸರಿಯಾಗೋವರೆಗೆ ಟ್ರೇಲ್‌ಗೂ ಒಯ್ಯಬೇಡಿ. ಪೆಟ್ರೋಲ್ ಕಮ್ಮಿಯಾದರೆ ಪಿಸ್ಟನ್ ಕಾದು ಸಿಲಿಂಡರಿನಲ್ಲೇ ಕಚ್ಚಿಕೊಂಡು ಸೀಜ್ ಆಗುತ್ತೆ.

ಡುಲುತ್_ಚಳಿ:
ಮಧ್ಯದ ಪೈಪಿನ ಮೇಲೆ ಹಿಮ ಹಾಗೇ ಕೂತಿತ್ತು! ಮೂರೂ ಕಾರ್ಬುರೇಟರ್ ಬಿಚ್ಚಿದೆ. ತಳದಲ್ಲಿ ಜೋನಿಬೆಲ್ಲದ ಥರ ಅಂಟು. ಮಧ್ಯದ ಪೈಲಟ್ ಜೆಟ್ ಬೆಳಕಿಗೆ ಹಿಡಿದರೆ ತೂತೇ ಕಾಣಲಿಲ್ಲ. ರಾತ್ರಿ ಕ್ಲೀನರ್‌ನಲ್ಲಿ ನೆನೆಸಿ ಬೆಳಗ್ಗೆ ಗಾಳಿ ಹೊಡೆದೆ. ಈಗ ಚೋಕ್ ಬೇಕಿಲ್ಲ. ಆದರೆ ಹೆಪ್ಪುಗಟ್ಟಿದ ಕೆರೆ ಮೇಲೆ ಥ್ರಾಟಲ್ ಪೂರ್ತಿ ಒತ್ತಿದರೂ ಕೊನೆಯ ಪಿಕಪ್ ಬರ್ತಿಲ್ಲ.

ಮಿಶಿಗನ್_ಮಾವ:
ಪವರ್ ವಾಲ್ವ್ ಕೇಬಲ್ ನೋಡಪ್ಪ. ಆರ್‌ಪಿಎಂ ಏರಿದಾಗ ಸಣ್ಣ ಮೋಟಾರೊಂದು ಕೇಬಲ್ ಎಳೆದು ಎಕ್ಸಾಸ್ಟ್ ಬಾಯಿಯ ವಾಲ್ವ್‌ಗಳನ್ನು ಎತ್ತುತ್ತೆ. ಕೇಬಲ್ ಸಡಿಲ ಆದರೆ ಅರ್ಧಕ್ಕೇ ನಿಲ್ಲುತ್ತೆ. ಮಸಿ ಕಟ್ಟಿದರೂ ಅದೇ ಕಥೆ. ಒರೆಸಿ, ಮ್ಯಾನುಯಲ್ ಅಳತೆಗೆ ಬಿಗಿ ಮಾಡು.
ಗುಜರಿ ಅಂದವಳಿಗೆ ಹೇಳು, ಊರಲ್ಲಿ ಆರ್‌ಎಕ್ಸ್ 100 ಮಾರಿದವರು ಇವತ್ತಿಗೂ ಕೊರಗ್ತಾರೆ ಅಂತ. ಅದು ಬರೀ 98 ಸಿಸಿ! 2003ರ ಮಾಡೆಲ್‌ಗೆ ಯಮಾಹಾ ಫೋರ್ ಸ್ಟ್ರೋಕ್ ಸ್ನೋಮೊಬೈಲ್ ಆರ್‌ಎಕ್ಸ್-1 ತಂತು. 2025ರ ಮಾಡೆಲ್‌ಗೆ ಸ್ನೋಮೊಬೈಲ್ ವ್ಯವಹಾರವನ್ನೇ ಮುಗಿಸಿತು. ನಿಮ್ಮ ಮಿನೆಸೋಟ ಪೋಲಾರಿಸ್, ಆರ್ಕ್ಟಿಕ್ ಕ್ಯಾಟ್ ಅನ್ನೋ ಸ್ನೋಮೊಬೈಲ್ ಕಂಪನಿಗಳು ಹುಟ್ಟಿದ ಜಾಗ, ಅಲ್ಲೂ ಈ ಮೂರು ಪೈಪಿನ ಸದ್ದಿಗೆ ಜನ ತಿರುಗಿ ನೋಡ್ತಾರೆ.

ಡುಲುತ್_ಚಳಿ:
ಕೇಬಲ್ಲೇ ಮಾವ! ಬಿಗಿ ಮಾಡಿದೆ. ಭಾನುವಾರ ಒತ್ತಿದ ತಕ್ಷಣ ಸ್ಕೀ ಎರಡೂ ಹಗುರಾಗಿ ಎದ್ದವು. ಪ್ಲಗ್ ಮೂರೂ ಕಂದು ಬಣ್ಣಕ್ಕೆ ಬಂದಿವೆ, ಅಂದರೆ ಪೆಟ್ರೋಲ್ ಸರಿಯಾಗಿ ಉರೀತಿದೆ. ಜಾಕೆಟ್ ತುಂಬ ಆಯಿಲ್ ಹೊಗೆ ವಾಸನೆ, ಅದನ್ನು ಗ್ಯಾರೇಜಿನಲ್ಲೇ ಬಿಡಬೇಕು ಅಂತ ಮನೆಯಲ್ಲಿ ಆರ್ಡರ್ ಆಗಿದೆ.