ಕೆರೆ ಕೋಡಿ ಕೆಳಗಿನ ಜೌಗಿಗೆ ತಾಗಿ 700 ಫ್ಲ್ಯಾಟ್: ಆಕ್ಷೇಪಣೆ ಎಲ್ಲಿಂದ ಶುರು ಮಾಡುವುದು?

ಕೋಡಿಹಳ್ಳ:
ಬೆಂಗಳೂರಿನ ಹೊರವಲಯದ ಕೆರೆಯೊಂದರ ಕೋಡಿ ಕೆಳಗೆ ಜೊಂಡು ಬೆಳೆದ ಜೌಗು ಇದೆ, ಪಕ್ಕದಲ್ಲೇ ರಾಜಕಾಲುವೆ. ಅದಕ್ಕೆ ತಾಗಿ 700 ಫ್ಲ್ಯಾಟ್‌ಗಳ ಯೋಜನೆ, ಒಟ್ಟು ನಿರ್ಮಾಣ 96,000 ಚದರ ಮೀಟರ್. ಪರಿಸರ ಅನುಮತಿಗೆ ಅರ್ಜಿ ಹೋಗಿದೆ. ಸಾರ್ವಜನಿಕ ಅಹವಾಲು ಸಭೆಗೆ ಏನೇನು ಸಿದ್ಧ ಮಾಡಿಕೊಳ್ಳಬೇಕು?

ಹಳೇಪಹಣಿ:
ಸಭೆಗೆ ಕಾಯಬೇಡಿ, ಅದು ನಡೆಯುವುದೇ ಇಲ್ಲ. 2006ರ ಇಐಎ (ಪರಿಸರ ಪರಿಣಾಮ ಮೌಲ್ಯಮಾಪನ) ಅಧಿಸೂಚನೆಯ ಪ್ರಕಾರ 20,000ದಿಂದ 1,50,000 ಚದರ ಮೀಟರ್ ಒಳಗಿನ ಕಟ್ಟಡಗಳು 8(ಎ) ವರ್ಗ. ಅವಕ್ಕೆ ಅಹವಾಲು ಸಭೆಯಿಂದ ವಿನಾಯಿತಿ ಇದೆ. ಪರಿಸರ ಅನುಮತಿ ಅರ್ಜಿಗಳಿರುವ ಸರ್ಕಾರಿ ಜಾಲತಾಣ ಪರಿವೇಶ್ ಪೋರ್ಟಲ್‌ನಿಂದ ಬಿಲ್ಡರ್ ಅರ್ಜಿ, ನಕ್ಷೆ ಇಳಿಸಿಕೊಂಡು, ಅರ್ಜಿ ಪರಿಶೀಲಿಸುವ ತಜ್ಞರ ಸಮಿತಿಯ ಅಜೆಂಡಾಕ್ಕೆ ಕಡತ ಬರುವ ಮೊದಲೇ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ. ಒಂದೇ ಒಕ್ಕಣೆಯ ಐನೂರು ಪತ್ರಗಳಿಗಿಂತ ದಾಖಲೆ ಲಗತ್ತಿಸಿದ ಒಂದು ಪತ್ರ ಮೇಲು.

ದಾಖಲೆ ಅಂದರೆ ಮೊದಲು ಕಂದಾಯದ್ದು: ಗ್ರಾಮ ನಕ್ಷೆ, ಸರ್ವೆ ಟಿಪ್ಪಣಿ, ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಖರಾಬು ತೋರಿಸುವ ದಾಖಲೆ), ಪಹಣಿ. ‘ಬ’ ಖರಾಬು, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ, ಎಷ್ಟು ಗುಂಟೆ ಅಂತ ನೋಡಿ. ಹಳ್ಳ, ಕಾಲುವೆ, ದಾರಿ ಅಡಗಿರುವುದು ಅಲ್ಲೇ. ಬಿಲ್ಡರ್ ನಕ್ಷೆಯಲ್ಲಿ ಆ ಗುಂಟೆಗಳು ಪಾರ್ಕೋ ರಸ್ತೆಯೋ ಆಗಿದ್ದರೆ ಅದೇ ನಿಮ್ಮ ಮೊದಲ ಅಂಶ. ಸ್ಥಳದಲ್ಲಿ ಮೊಬೈಲ್‌ನ ದಿಶಾಂಕ್ ಆ್ಯಪ್ ಸರ್ವೆ ನಂಬರ್ ತೋರಿಸುತ್ತದೆ, ಆದರೆ ಅದು ಸುಳಿವಷ್ಟೇ. ಆಕ್ಷೇಪಣೆಗೆ ದೃಢೀಕೃತ ನಕಲೇ ಬೇಕು.

ತೂಬು:
ಬಫರ್, ಅಂದರೆ ಕೆರೆ, ಕಾಲುವೆ ಪಕ್ಕ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗದ ವಿಚಾರದಲ್ಲಿ ಬಹಳ ಜನ ಎಡವುತ್ತಾರೆ. ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) 2016ರಲ್ಲಿ ಕೆರೆಗೆ ಹೇಳಿದ 75 ಮೀಟರ್ ಈಗ ನಿಲ್ಲುವುದಿಲ್ಲ. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಬೆಂಗಳೂರಿನ ಪರಿಷ್ಕೃತ ಮಾಸ್ಟರ್ ಪ್ಲಾನ್ 2015ರಲ್ಲಿ ಕೆರೆಗೆ 30 ಮೀಟರ್, ರಾಜಕಾಲುವೆಗೆ ದರ್ಜೆಗೆ ತಕ್ಕಂತೆ 50, 25, 15 ಮೀಟರ್, ಅದೂ ಕಾಲುವೆಯ ಮಧ್ಯದಿಂದ. ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ನಿಯಮ ನೋಡಿಕೊಂಡೇ ಅಂಕಿ ಬರೆಯಿರಿ. ಇಲ್ಲಿ ನಡೆಯುವ ಕೈಚಳಕ ಎರಡು: ಪ್ರಥಮ ದರ್ಜೆಯ ಕಾಲುವೆಯನ್ನು ತೃತೀಯ ಅಂತ ಬರೆಯುವುದು, ಮತ್ತು ಒತ್ತುವರಿಯಾಗಿ ಕಿರಿದಾದ ಈಗಿನ ಕಾಲುವೆಯನ್ನೇ ಹಿಡಿದು ಅಳೆಯುವುದು. ಗ್ರಾಮ ನಕ್ಷೆಯ ಅಗಲವನ್ನೇ ಮುಂದಿಡಿ.

2017ರ ಜೌಗುಭೂಮಿ ನಿಯಮಗಳನ್ನೊಂದೇ ನೆಚ್ಚಿಕೊಳ್ಳಬೇಡಿ. ಗದ್ದೆಗಳನ್ನೂ, ನೀರಾವರಿಗೆಂದೇ ಕಟ್ಟಿದ ಜಲಾಶಯಗಳನ್ನೂ ಅಲ್ಲಿನ ಜೌಗುಭೂಮಿಯ ವ್ಯಾಖ್ಯೆ ಹೊರಗಿಟ್ಟಿದೆ. ನಮ್ಮ ಕೆರೆಗಳೆಲ್ಲ ನೀರಾವರಿಯವು ಅನ್ನುವ ವಾದ ಬಂದೇ ಬರುತ್ತದೆ.

ಜೊಂಡುಹುಲ್ಲು:
ಲೆಕ್ಕವನ್ನೂ ಸೇರಿಸಿ. 700 ಮನೆ, ಮನೆಗೆ 5 ಜನ, ತಲೆಗೆ ದಿನಕ್ಕೆ 135 ಲೀಟರ್: 4,72,500 ಲೀಟರ್. ಅದರ ಶೇ. 80 ಕೊಳಚೆಯಾದರೂ ದಿನಕ್ಕೆ 3,78,000 ಲೀಟರ್. ಫ್ಲಶ್‌ಗೆ, ತೋಟಕ್ಕೆ ಬಳಸಿ ಮಿಕ್ಕಿದ್ದು ಎಲ್ಲಿಗೆ ಅಂತ ಕೇಳಿ. ಮಳೆಗಾಲದಲ್ಲಿ ತೋಟಕ್ಕೆ ನೀರೇ ಬೇಡ, ಆಗ ಅದು ಹೋಗುವುದು ರಾಜಕಾಲುವೆಗೇ. ಜೌಗಿಗೆ ಮಣ್ಣು ತುಂಬಿದರೆ ಒಂದು ಹೆಕ್ಟೇರಿನ ಮೇಲೆ ಬಿದ್ದ 100 ಮಿ.ಮೀ. ಮಳೆ, ಅಂದರೆ 10 ಲಕ್ಷ ಲೀಟರ್, ಪಕ್ಕದ ತಗ್ಗಿಗೆ ನುಗ್ಗುತ್ತದೆ. ಹಕ್ಕಿಗಳ ಸಮೀಕ್ಷೆ ಯಾವ ತಿಂಗಳಲ್ಲಿ ಮಾಡಿದ್ದಾರೆ ಅಂತಲೂ ನೋಡಿ. ಮೇ ತಿಂಗಳಲ್ಲಾದರೆ ಚಳಿಗಾಲದ ವಲಸೆ ಬಾತುಗಳು ಪಟ್ಟಿಯಲ್ಲಿ ಇರುವುದೇ ಇಲ್ಲ.

ಕೋಡಿಹಳ್ಳ:
ಇಷ್ಟಾಗಿಯೂ ಅನುಮತಿ ಕೊಟ್ಟುಬಿಟ್ಟರೆ?

ಹಳೇಪಹಣಿ:
ಎನ್‌ಜಿಟಿ ಕಾಯ್ದೆಯ ಸೆಕ್ಷನ್ 16ರಡಿ ಮೇಲ್ಮನವಿ. ಗಡುವು 30 ದಿನ. ಸರಿಯಾದ ಕಾರಣವಿದ್ದರೆ ಇನ್ನು 60 ದಿನ, ಅದರಾಚೆ ಒಂದು ದಿನವೂ ಇಲ್ಲ. ಪೋರ್ಟಲ್ ವಾರಕ್ಕೊಮ್ಮೆ ತೆರೆದು, ಆದೇಶ ಅಪ್‌ಲೋಡ್ ಆದ ದಿನದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಅರ್ಜಿಯಲ್ಲಿ ಬೇಕೆಂದೇ ಕಾಲುವೆ ಮುಚ್ಚಿಟ್ಟಿದ್ದರೆ 2006ರ ಅಧಿಸೂಚನೆಯಡಿ ಅನುಮತಿ ರದ್ದು ಮಾಡಲು ಅವಕಾಶವಿದೆ. ಅದನ್ನು ಅನುಮತಿ ಕೊಟ್ಟ ಪ್ರಾಧಿಕಾರಕ್ಕೇ ಪ್ರತ್ಯೇಕ ಪತ್ರದಲ್ಲಿ ಕೇಳಿ.