350 ಸ್ಮಾಲ್ ಬ್ಲಾಕ್‌ಗೆ 850 ಡಬಲ್ ಪಂಪರ್ ಅತಿಯಾಯಿತೇ? ಯಾವ ಕಾರ್ಬುರೇಟರ್, ಹೇಗೆ ಟ್ಯೂನ್ ಮಾಡೋದು?

ಪ್ರಶ್ನೆ: ಸ್ಮಾಲ್‌ಬ್ಲಾಕ್69

ಗಾಡಿ 1969ರ ಕ್ಯಾಮರೊ. ಎಂಜಿನ್ ಶೆವ್ರೊಲೆ 350, ಕಂಪ್ರೆಷನ್ 9.5ಕ್ಕೆ 1, ಹೈಡ್ರಾಲಿಕ್ ಕ್ಯಾಮ್ (0.050 ಇಂಚಿನಲ್ಲಿ 224/230 ಡಿಗ್ರಿ, ಲೋಬ್ ಸೆಪರೇಷನ್ 110), ಸ್ಕ್ವೇರ್ ಬೋರ್ ಡ್ಯುಯಲ್ ಪ್ಲೇನ್ ಇನ್‌ಟೇಕ್, ಹೆಡರ್ಸ್. ಗೇರ್‌ಬಾಕ್ಸ್ ಟರ್ಬೊ 350 ಆಟೊಮ್ಯಾಟಿಕ್, ಹಿಂದಿನ ಆಕ್ಸಲ್ 3.31. ಈಗ ಮೇಲಿರೋದು ಹೋಲಿ 850 ಡಬಲ್ ಪಂಪರ್, ಅಂದರೆ 850 ಸಿಎಫ್‌ಎಂನ (ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ) ಎರಡು ಆಕ್ಸಿಲರೇಟರ್ ಪಂಪ್ ಇರುವ ಕಾರ್ಬುರೇಟರ್.

ಐಡಲ್‌ನಲ್ಲಿ ಕಣ್ಣು ಉರಿಯುವಷ್ಟು ಪೆಟ್ರೋಲ್ ಹೊಗೆ, ಪ್ಲಗ್‌ಗಳಿಗೆ ಕಪ್ಪು ಮಸಿ. ಕಡಿಮೆ ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದರೆ ಒಂದು ಕ್ಷಣ ಎಂಜಿನ್ ಸತ್ತ ಹಾಗಾಗಿ ಆಮೇಲೆ ಎಳೆಯುತ್ತೆ. ಮಿಕ್ಸ್ಚರ್ ಸ್ಕ್ರೂ ತಿರುಗಿಸಿದರೆ ಏನೂ ವ್ಯತ್ಯಾಸವಿಲ್ಲ. ಐಡಲ್‌ನಲ್ಲಿ ಮ್ಯಾನಿಫೋಲ್ಡ್ ವ್ಯಾಕ್ಯೂಮ್ (ಎಂಜಿನ್ನಿನ ಹೀರಿಕೆ, ಪಾದರಸದ ಇಂಚಿನಲ್ಲಿ) ಪಾರ್ಕ್‌ನಲ್ಲಿ 13 ಇಂಚು, ಡ್ರೈವ್‌ನಲ್ಲಿ 11. ರಸ್ತೆಯಲ್ಲಿ ಮಾತ್ರ ಓಡಿಸೋದು, 6000 ಆರ್‌ಪಿಎಂ ದಾಟೋದಿಲ್ಲ. 850ಅನ್ನೇ ಸರಿಮಾಡಬೇಕಾ, ಇಲ್ಲ 600, 650, 750ರಲ್ಲಿ ಒಂದಕ್ಕೆ ಹೋಗಬೇಕಾ? ವ್ಯಾಕ್ಯೂಮ್ ಸೆಕೆಂಡರಿ (ಹಿಂದಿನ ಎರಡು ಬಾಯಿ ಪೆಡಲ್‌ನಿಂದಲ್ಲ, ಹೀರಿಕೆಯಿಂದ ತೆರೆಯುವುದು) ಒಳ್ಳೆಯದಾ?

ಉತ್ತರ: ವೆಂಚುರಿ

ಬದಲಿಸಿ. ಲೆಕ್ಕ ಸರಳ: ಕ್ಯೂಬಿಕ್ ಇಂಚನ್ನು ಗರಿಷ್ಠ ಆರ್‌ಪಿಎಂನಿಂದ ಗುಣಿಸಿ 3456ರಿಂದ ಭಾಗಿಸಿ. 350 × 6000 ÷ 3456 = ಸುಮಾರು 608 ಸಿಎಫ್‌ಎಂ. ಅದು ಸಿಲಿಂಡರ್ ನೂರಕ್ಕೆ ನೂರು ತುಂಬಿದರೆ. ನಿಮ್ಮಂಥ ರಸ್ತೆ ಎಂಜಿನ್‌ಗೆ 85% ಹಿಡಿದರೆ 516. ಹಾಗಾಗಿ 600 ಅಥವಾ 650 ಸಾಕು. ವ್ಯಾಕ್ಯೂಮ್ ಸೆಕೆಂಡರಿ ಇರುವ 750 ಕೂಡ ನಡೆಯುತ್ತೆ, ಯಾಕೆಂದರೆ ಎಂಜಿನ್ ಎಷ್ಟು ಗಾಳಿ ಕೇಳುತ್ತೋ ಅಷ್ಟೇ ಅದು ತೆರೆಯುತ್ತೆ.

ನಿಮ್ಮ ಗಾಡಿ ಮುಗ್ಗರಿಸೋದಕ್ಕೆ ಕಾರಣ ಇಲ್ಲಿದೆ. ಡಬಲ್ ಪಂಪರ್‌ನಲ್ಲಿ ನಾಲ್ಕೂ ಥ್ರಾಟಲ್ ಕಾಲಿಗೆ ಕಟ್ಟಿದಂತೆ ತೆರೆಯುತ್ತವೆ. 2000 ಆರ್‌ಪಿಎಂನಲ್ಲಿ ಅಷ್ಟು ದೊಡ್ಡ ಬಾಯಿ ಒಮ್ಮೆಲೇ ತೆರೆದರೆ ವೆಂಚುರಿಯಲ್ಲಿ (ಕಾರ್ಬುರೇಟರ್‌ನ ಕಿರಿದಾದ ಕೊರಳು) ಗಾಳಿಯ ವೇಗ ಕುಸಿಯುತ್ತೆ, ಅದರ ನಡುವಿನ ಪೆಟ್ರೋಲ್ ನಳಿಕೆ, ಅಂದರೆ ಬೂಸ್ಟರ್, ಪೆಟ್ರೋಲ್ ಎಳೆಯೋದಿಲ್ಲ, ಆ ಕ್ಷಣ ಮಿಶ್ರಣ ಲೀನ್ (ಪೆಟ್ರೋಲ್ ಕಡಿಮೆ) ಆಗುತ್ತೆ. ಎರಡು ಪಂಪ್ ಇರುವುದೇ ಆ ಖಾಲಿ ತುಂಬಲು, ಆದರೆ ಭಾರದ ಗಾಡಿ, ಆಟೊಮ್ಯಾಟಿಕ್, 3.31 ಆಕ್ಸಲ್ ಒಟ್ಟಿಗೆ ಸೇರಿದರೆ ಖಾಲಿ ಬಹಳ ಹೊತ್ತು ಉಳಿಯುತ್ತೆ. ಡಬಲ್ ಪಂಪರ್ ಒಪ್ಪೋದು ಹಗುರ ಗಾಡಿ, ಮ್ಯಾನುಯಲ್ ಗೇರ್, 3.73ಕ್ಕಿಂತ ಮೇಲಿನ ಆಕ್ಸಲ್‌ಗೆ.

ನನ್ನ ಆಯ್ಕೆ ಹೋಲಿ 1850, ಅಂದರೆ 600 ಸಿಎಫ್‌ಎಂ ವ್ಯಾಕ್ಯೂಮ್ ಸೆಕೆಂಡರಿ. ಕ್ವಾಡ್ರಾಜೆಟ್ ಕೂಡ ಅದ್ಭುತ ಕಾರ್ಬುರೇಟರ್, ಸಣ್ಣ ಪ್ರೈಮರಿಯಿಂದಾಗಿ ಮೆಲ್ಲಗೆ ಓಡಿಸುವಾಗ ಅದರ ನಯ ಬೇರೆಯದರಲ್ಲಿಲ್ಲ. ಆದರೆ ಅದು ಸ್ಪ್ರೆಡ್ ಬೋರ್ (ಮುಂದಿನ ಬಾಯಿ ಸಣ್ಣ, ಹಿಂದಿನದು ದೊಡ್ಡದು), ನಿಮ್ಮ ಮ್ಯಾನಿಫೋಲ್ಡ್ ಸ್ಕ್ವೇರ್ ಬೋರ್ (ನಾಲ್ಕೂ ಹೆಚ್ಚುಕಡಿಮೆ ಸಮ). ಅಡಾಪ್ಟರ್ ಹಾಕಿ ಗಾಳಿಯ ದಾರಿ ಕೆಡಿಸೋದಕ್ಕಿಂತ ಹೊಂದುವುದನ್ನೇ ತರುವುದು ಮೇಲು.

ಯಾವುದನ್ನು ತಂದರೂ ಟರ್ಬೊ 350ರ ಕಿಕ್‌ಡೌನ್ ಕೇಬಲ್ ಮರೆಯಬೇಡಿ. ಥ್ರಾಟಲ್ ಪೂರ್ತಿ ತೆರೆದಾಗ ಕೇಬಲ್ ಕೊನೆಯವರೆಗೆ ಎಳೆದಿರಬೇಕು. ಇಲ್ಲದಿದ್ದರೆ ಗೇರ್ ಕೆಳಗಿಳಿಯದೆ, ತಪ್ಪು ಕಾರ್ಬುರೇಟರ್‌ದೇ ಅಂದುಕೊಳ್ಳುತ್ತೀರಿ.

ಉತ್ತರ: ಹತ್ತುಡಿಗ್ರಿ

ಹೊಸದು ಕೂರಿಸುವ ಮೊದಲು ಇಗ್ನಿಷನ್ ನೋಡಿ. ಕಾರ್ಬುರೇಟರ್ ಮೇಲೆ ಹೊರಿಸುವ ದೂರುಗಳಲ್ಲಿ ಬಹುಪಾಲು ಟೈಮಿಂಗ್‌ದು, ಅಂದರೆ ಪಿಸ್ಟನ್ ಮೇಲ್ತುದಿ ಮುಟ್ಟುವ ಎಷ್ಟು ಡಿಗ್ರಿ ಮೊದಲು ಕಿಡಿ ಹಾರುತ್ತೆ ಅನ್ನೋದು. ಈ ಕ್ಯಾಮ್‌ಗೆ ಆರಂಭದ ಟೈಮಿಂಗ್ 14ರಿಂದ 16 ಡಿಗ್ರಿ ಬೇಕು. ವ್ಯಾಕ್ಯೂಮ್ ಅಡ್ವಾನ್ಸ್ ಪೈಪ್ ಕಿತ್ತು ಮುಚ್ಚಿ, ಮೆಕ್ಯಾನಿಕಲ್ ಅಡ್ವಾನ್ಸ್ ಪೂರ್ತಿ ಬರುವ ಆರ್‌ಪಿಎಂಗೆ ಏರಿಸಿ: ಒಟ್ಟು 34ರಿಂದ 36. ಆರಂಭದ್ದನ್ನು ಏರಿಸಿ ಒಟ್ಟನ್ನು ಅಳೆಯದೆ ಬಿಟ್ಟರೆ 40 ದಾಟಿ ಪಿಸ್ಟನ್‌ಗೆ ಅಪಾಯ. ದಾಟುತ್ತಿದ್ದರೆ ಡಿಸ್ಟ್ರಿಬ್ಯೂಟರ್‌ನಲ್ಲಿ ಮೆಕ್ಯಾನಿಕಲ್ ಅಡ್ವಾನ್ಸ್‌ಗೆ ಮಿತಿ ಹಾಕಿ.

ಈಗ ಮಿಕ್ಸ್ಚರ್ ಸ್ಕ್ರೂ ಕೆಲಸ ಮಾಡದ ವಿಷಯ. ಇದು ಟ್ರಾನ್ಸ್‌ಫರ್ ಸ್ಲಾಟ್‌ನ ಲಕ್ಷಣ. ಪ್ರೈಮರಿ ಥ್ರಾಟಲ್ ಪ್ಲೇಟ್ ಪಕ್ಕದ ಗೋಡೆಯಲ್ಲಿ ಒಂದು ಉದ್ದ ಸೀಳು ಇರುತ್ತೆ. ಎಂಜಿನ್ ನಿಲ್ಲದಿರಲಿ ಅಂತ ಐಡಲ್ ಸ್ಪೀಡ್ ಸ್ಕ್ರೂ ಹೆಚ್ಚು ಬಿಗಿದರೆ ಪ್ಲೇಟ್ ಮೇಲೇರಿ ಆ ಸೀಳು ತೆರೆದುಕೊಳ್ಳುತ್ತೆ, ಅಲ್ಲಿಂದ ಪೆಟ್ರೋಲ್ ಮಿಕ್ಸ್ಚರ್ ಸ್ಕ್ರೂಗೆ ಸಿಗದೆ ನೇರ ಒಳಗೆ ಹೋಗುತ್ತೆ. ಹೊಗೆ, ಮಸಿ ಎಲ್ಲ ಅದರಿಂದಲೇ. ಮೇಲಾಗಿ, ತುಳಿದ ಮೊದಲ ಕ್ಷಣಕ್ಕೆ ಬೇಕಾದ ಪೆಟ್ರೋಲ್ ಐಡಲ್‌ನಲ್ಲೇ ಖರ್ಚಾಗಿರುತ್ತೆ.

ಕಾರ್ಬುರೇಟರ್ ಕೈಯಲ್ಲಿರುವಾಗಲೇ ತಿರುಗಿಸಿ ಕೆಳಗಿನಿಂದ ನೋಡಿ. ಪ್ಲೇಟ್ ಕೆಳಗೆ ಕಾಣುವ ಸೀಳು ಸುಮಾರು 0.020 ಇಂಚು, ಅಂದರೆ ಉದ್ದ ಅಗಲ ಸಮವಾದ ಪುಟ್ಟ ಚೌಕದಂತೆ ಇರಬೇಕು. ಕೂರಿಸಿದ ಮೇಲೆ ಐಡಲ್ ಸಾಲದಿದ್ದರೆ ಪ್ರೈಮರಿ ಸ್ಕ್ರೂ ಬಿಗಿಯಬೇಡಿ. ಸೆಕೆಂಡರಿ ಸ್ಟಾಪ್ ಸ್ಕ್ರೂವಿನಿಂದ ಹಿಂದಿನ ಪ್ಲೇಟ್‌ಗಳನ್ನು ಸ್ವಲ್ಪ ತೆರೆದು ಗಾಳಿ ಕೊಡಿ. ಹಲವು ಹೋಲಿಗಳಲ್ಲಿ ಆ ಸ್ಕ್ರೂ ತಳದಲ್ಲಿರುವುದರಿಂದ ಮತ್ತೆ ಬಿಚ್ಚಬೇಕಾಗುತ್ತೆ, ಬೇಸರಪಡಬೇಡಿ. ವ್ಯಾಕ್ಯೂಮ್ ಅಡ್ವಾನ್ಸನ್ನು ನೇರ ಮ್ಯಾನಿಫೋಲ್ಡ್ ವ್ಯಾಕ್ಯೂಮ್‌ಗೆ ಜೋಡಿಸಿದರೂ ಐಡಲ್ ಏರಿ ಪ್ಲೇಟ್ ಮುಚ್ಚಲು ಅವಕಾಶ ಸಿಗುತ್ತೆ.

ಆಮೇಲೆ ಫ್ಯೂಯಲ್ ಪ್ರೆಶರ್ 5ರಿಂದ 7 ಪಿಎಸ್‌ಐ ಒಳಗಿದೆಯಾ ನೋಡಿ. ಹೆಚ್ಚಾದರೆ ನೀಡಲ್ ವಾಲ್ವ್ ತಡೆಯಲಾಗದೆ ಬೌಲ್ ಉಕ್ಕುತ್ತೆ. ಬೌಲ್ ಪಕ್ಕದ ಸೈಟ್ ಪ್ಲಗ್ (ಪೆಟ್ರೋಲ್ ಮಟ್ಟ ನೋಡುವ ರಂಧ್ರದ ಮುಚ್ಚಳ) ತೆಗೆದಾಗ ಪೆಟ್ರೋಲ್ ರಂಧ್ರದ ಕೆಳ ಅಂಚಿಗೆ ಬಂದು ನಿಲ್ಲಬೇಕು, ಹೊರಗೆ ಹರಿಯಬಾರದು. ಇದನ್ನು ಬಿಸಿ ಹೆಡರ್ ಹತ್ತಿರ ಮಾಡುತ್ತಿದ್ದೀರಿ, ಬಟ್ಟೆ ಹಿಡಿದು, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡೇ ಮಾಡಿ.

ಮಿಶ್ರಣ ಕೊನೆಗೆ. ಎಂಜಿನ್ ಬಿಸಿ, ಚೋಕ್ ಪೂರ್ತಿ ತೆರೆದಿರಲಿ. ಎರಡೂ ಸ್ಕ್ರೂ ಮೆಲ್ಲಗೆ ತಳಕ್ಕೆ ಮುಟ್ಟಿಸಿ (ಬಿಗಿದರೆ ಮೊನೆ ಹಾಳು), ಒಂದೂವರೆ ಸುತ್ತು ಹೊರಗೆ ತನ್ನಿ. ವ್ಯಾಕ್ಯೂಮ್ ಗೇಜ್ ನೋಡುತ್ತಾ ಒಮ್ಮೆಗೆ ಎಂಟನೇ ಒಂದು ಸುತ್ತು, ಎರಡೂ ಕಡೆ ಸಮ. ಮುಳ್ಳು ಅತಿ ಎತ್ತರಕ್ಕೆ ಹೋದ ಜಾಗದಲ್ಲಿ ನಿಲ್ಲಿಸಿ. ಗಾಡಿ ಡ್ರೈವ್‌ನಲ್ಲಿರಬೇಕು, ಚಕ್ರಕ್ಕೆ ಅಡ್ಡ ಕೊಟ್ಟು, ಇನ್ನೊಬ್ಬರು ಬ್ರೇಕ್ ತುಳಿದು ಕೂತಿರಬೇಕು. ಪಾರ್ಕ್‌ನಲ್ಲಿ ಮಾಡಿದ ಹೊಂದಾಣಿಕೆ ಡ್ರೈವ್‌ಗೆ ಹಾಕಿದ ಕೂಡಲೇ ಕೈಕೊಡುತ್ತೆ.

ಉತ್ತರ: ಜೆಟ್66

ಮೇಲಿನದೆಲ್ಲ ಸರಿ. ಪವರ್ ವಾಲ್ವ್ (ಎಂಜಿನ್ ಮೇಲೆ ಭಾರ ಬಿದ್ದಾಗ ಹೆಚ್ಚುವರಿ ಪೆಟ್ರೋಲ್ ಬಿಡುವ ವಾಲ್ವ್) ಬಗ್ಗೆ ಸೇರಿಸುತ್ತೇನೆ. 1850ರಲ್ಲಿ ಪ್ರೈಮರಿ ಜೆಟ್ (ಪೆಟ್ರೋಲ್ ಅಳೆದು ಬಿಡುವ ತೂತು, ಸಂಖ್ಯೆ ಹೆಚ್ಚಿದಷ್ಟೂ ದೊಡ್ಡದು) 66, ಪವರ್ ವಾಲ್ವ್ 6.5 ಬರುತ್ತೆ. "ಡ್ರೈವ್ ವ್ಯಾಕ್ಯೂಮ್‌ನ ಅರ್ಧ" ಅನ್ನೋ ನಿಯಮ ಹಿಡಿದರೆ ನಿಮಗೆ 5.5 ಆಗುತ್ತೆ. ಆದರೆ ಆ ಸಂಖ್ಯೆಯ ಅರ್ಥ ನೋಡಿ: ವ್ಯಾಕ್ಯೂಮ್ 6.5 ಇಂಚಿಗೆ ಇಳಿದಾಗ ವಾಲ್ವ್ ತೆರೆಯುತ್ತೆ. ನಿಮ್ಮದು ಐಡಲ್‌ನಲ್ಲಿ 11. ಹಾಗಾಗಿ 6.5 ಮುಚ್ಚಿಯೇ ಇರುತ್ತೆ, ಏರು ರಸ್ತೆಯಲ್ಲಿ ಬೇಗ ತೆರೆದು ಸಹಾಯವನ್ನೂ ಮಾಡುತ್ತೆ. ಮೊದಲು ಅದನ್ನೇ ಇಟ್ಟು ಓಡಿಸಿ. ಸಮ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ವ್ಯಾಕ್ಯೂಮ್ 8ರ ಹತ್ತಿರಕ್ಕೆ ಬೀಳುತ್ತಿದ್ದರೆ ಮಾತ್ರ 5.5ಕ್ಕೆ ಇಳಿಯಿರಿ. ವಾಲ್ವ್ ಕಿತ್ತು ಪ್ಲಗ್ ಹಾಕುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಅದನ್ನು ಸರಿದೂಗಿಸಲು ಜೆಟ್ 8ರಿಂದ 10 ಸಂಖ್ಯೆ ಏರಿಸಬೇಕಾಗುತ್ತೆ, ಮಾಮೂಲಿ ಓಟದಲ್ಲೂ ಎಂಜಿನ್ ಪೆಟ್ರೋಲ್‌ನಲ್ಲಿ ಮುಳುಗಿರುತ್ತೆ.

ಹಳೆಯ 850ರಲ್ಲಿ ವಾಲ್ವ್ ಒಡೆದಿರಲೂಬಹುದು. ಐಡಲ್‌ನಲ್ಲಿ ಮಿಕ್ಸ್ಚರ್ ಸ್ಕ್ರೂಗಳನ್ನೆಲ್ಲ ಪೂರ್ತಿ ಒಳಗೆ ತಿರುಗಿಸಿ. ಎಂಜಿನ್ ಆಗಲೂ ನಿಲ್ಲದಿದ್ದರೆ ಪೆಟ್ರೋಲ್ ಬೇರೆ ದಾರಿಯಲ್ಲಿ ಬರುತ್ತಿದೆ: ಸೀಳು, ಎತ್ತರದ ಫ್ಲೋಟ್, ಇಲ್ಲವೇ ಹರಿದ ಪವರ್ ವಾಲ್ವ್.

ಸೆಕೆಂಡರಿ ಸ್ಪ್ರಿಂಗ್‌ಗೆ ಪೇಪರ್ ಕ್ಲಿಪ್ ಪರೀಕ್ಷೆ ಸಾಕು. ಡಯಾಫ್ರಾಮ್ ಕಡ್ಡಿಗೆ ಕ್ಲಿಪ್ ಸಿಕ್ಕಿಸಿ ಹೌಸಿಂಗ್‌ಗೆ ತಾಗುವಂತೆ ಮೇಲೆ ತಳ್ಳಿ, ಖಾಲಿ ರಸ್ತೆಯಲ್ಲಿ ಪೂರ್ತಿ ತುಳಿದು ಬಂದು ನೋಡಿ. ಎಷ್ಟು ಕೆಳಗೆ ಜಾರಿದೆಯೋ ಸೆಕೆಂಡರಿ ಅಷ್ಟು ತೆರೆದಿದೆ. ಕ್ಲಿಪ್ ಅಲುಗಿರದಿದ್ದರೆ ಒಂದು ಹಂತ ಹಗುರ ಸ್ಪ್ರಿಂಗ್. ತೆರೆಯುವ ಹೊತ್ತಿಗೆ ಮುಗ್ಗರಿಸಿದರೆ ಒಂದು ಹಂತ ಗಟ್ಟಿ. ಬಿಳಿ ಎಲ್ಲಕ್ಕಿಂತ ಹಗುರ, ಕಪ್ಪು ಎಲ್ಲಕ್ಕಿಂತ ಗಟ್ಟಿ.

ಪಂಪ್ ಆರ್ಮ್ (ಆಕ್ಸಿಲರೇಟರ್ ಪಂಪ್ ಒತ್ತುವ ಸಣ್ಣ ಲಿವರ್): ಥ್ರಾಟಲ್ ಪೂರ್ತಿ ತೆರೆದಾಗ ಇನ್ನೂ 0.015 ಇಂಚು ಒತ್ತಲು ಜಾಗ ಇರಬೇಕು. ಅದೇ ವೇಳೆ ಐಡಲ್‌ನಲ್ಲಿ ಸಡಿಲವೂ ಇರಬಾರದು, ಥ್ರಾಟಲ್ ಅಲುಗಿದ ಕೂಡಲೇ ಚಿಮ್ಮಬೇಕು. ಮುಗ್ಗರಿಸುವಾಗ ಕಪ್ಪು ಹೊಗೆ ಬಂದರೆ ನಾಜಲ್ ದೊಡ್ಡದು, ಕಾರ್ಬುರೇಟರ್ ಒಳಗಿನಿಂದ ಪಟ್ ಅಂತ ಸದ್ದು ಬಂದರೆ ಸಣ್ಣದು.

ಜೆಟ್‌ಗೆ ಕೈ ಹಾಕೋದು ಎಲ್ಲಕ್ಕಿಂತ ಕೊನೆಗೆ, ಒಮ್ಮೆಗೆ ಎರಡು ಸಂಖ್ಯೆ. ಗಾಳಿ-ಪೆಟ್ರೋಲ್ ಅನುಪಾತ ತೋರಿಸುವ ವೈಡ್‌ಬ್ಯಾಂಡ್ ಮೀಟರ್ ಇದ್ದರೆ ಪೂರ್ತಿ ತುಳಿದಾಗ 12.5ರಿಂದ 12.8, ಮಾಮೂಲಿ ಓಟದಲ್ಲಿ 14ರ ಆಸುಪಾಸು. 1850ರ ಹಿಂಭಾಗದಲ್ಲಿ ಜೆಟ್ ಇಲ್ಲ, ತೂತುಗಳಿರುವ ಪ್ಲೇಟ್ ಇದೆ. ಬದಲಿಸಬೇಕಾದರೆ ಪ್ಲೇಟನ್ನೇ ಬದಲಿಸಬೇಕು.

ಮರುಪ್ರಶ್ನೆ: ಸ್ಮಾಲ್‌ಬ್ಲಾಕ್69

ತುಂಬಾ ಉಪಯೋಗವಾಯಿತು. ಇನ್ನೆರಡು: ಎಡೆಲ್‌ಬ್ರಾಕ್ 1406 (600 ಸಿಎಫ್‌ಎಂನ ಇನ್ನೊಂದು ಕಾರ್ಬುರೇಟರ್) ಕಡೆಗೂ ಮನಸ್ಸಿದೆ, ಟ್ಯೂನ್ ಮಾಡೋದು ಸುಲಭವಾ? ಜೊತೆಗೆ ಬಿಸಿ ಎಂಜಿನ್ ಆಫ್ ಮಾಡಿ ಸ್ವಲ್ಪ ಹೊತ್ತಾದ ಮೇಲೆ ಸ್ಟಾರ್ಟ್ ಆಗಲು ಸತಾಯಿಸುತ್ತೆ.

ಉತ್ತರ: ವೆಂಚುರಿ

ಸುಲಭವೇ. ಜೆಟ್ ಪ್ರೈಮರಿ 0.098, ಸೆಕೆಂಡರಿ 0.095, ಮೀಟರಿಂಗ್ ರಾಡ್ (ಜೆಟ್ ಒಳಗೆ ಇಳಿದು ಪೆಟ್ರೋಲ್ ತಡೆಯುವ ಕಡ್ಡಿ) 0.075 × 0.047, ಎಲ್ಲ ಇಂಚಿನಲ್ಲಿ. ಮೇಲಿನ ಎರಡು ಪುಟ್ಟ ಮುಚ್ಚಳ ತೆಗೆದರೆ ರಾಡ್ ಕೈಗೆ ಬರುತ್ತೆ, ಬೌಲ್ ಬಿಚ್ಚಬೇಕಿಲ್ಲ. ಮೊದಲ ಅಳತೆ ಮಾಮೂಲಿ ಓಟಕ್ಕೆ, ಎರಡನೆಯದು ಎಳೆತಕ್ಕೆ. ರಾಡ್ ತೆಳುವಾದಷ್ಟೂ ಮಿಶ್ರಣ ರಿಚ್ (ಪೆಟ್ರೋಲ್ ಹೆಚ್ಚು). ರಾಡ್ ಕೆಳಗಿನ ಕಿತ್ತಳೆ ಸ್ಪ್ರಿಂಗ್ 5 ಇಂಚು ವ್ಯಾಕ್ಯೂಮ್‌ನದು, ನಿಮ್ಮ 11ಕ್ಕೆ ಅದೇ ಸರಿ. ಪ್ರೆಶರ್ ಮಾತ್ರ 6.5 ಪಿಎಸ್‌ಐ ದಾಟಿಸಬೇಡಿ, 5.5 ಇದ್ದರೆ ನೆಮ್ಮದಿ. ಎಲೆಕ್ಟ್ರಿಕ್ ಚೋಕ್‌ಗೆ ಇಗ್ನಿಷನ್ ಆನ್ ಆದಾಗ ಪೂರ್ತಿ 12 ವೋಲ್ಟ್ ಸಿಗುವ ವೈರ್ ಬೇಕು. ಕಾಯಿಲ್‌ನಿಂದ ತೆಗೆಯಬೇಡಿ, 1969ರ ಗಾಡಿಯಲ್ಲಿ ಅದು ರೆಸಿಸ್ಟೆನ್ಸ್ ವೈರ್, ಚೋಕ್ ಅರ್ಧಕ್ಕೇ ನಿಲ್ಲುತ್ತೆ.

ಬಿಸಿ ಸ್ಟಾರ್ಟ್ ತೊಂದರೆ ಬೌಲ್‌ನಲ್ಲಿ ಪೆಟ್ರೋಲ್ ಕುದಿಯೋದರಿಂದ. ಎಂಜಿನ್ ನಿಂತ ಮೇಲೆ ಮ್ಯಾನಿಫೋಲ್ಡ್ ಶಾಖ ಮೇಲೇರಿ, ಕುದ್ದ ಪೆಟ್ರೋಲ್ ಬೂಸ್ಟರ್‌ನಿಂದ ತೊಟ್ಟಿಕ್ಕಿ ಒಳಗೆಲ್ಲ ಒದ್ದೆ ಮಾಡುತ್ತೆ. ಎಥನಾಲ್ ಬೆರೆತಿದ್ದರೆ ಇನ್ನೂ ಬೇಗ. ಕಾರ್ಬುರೇಟರ್ ಕೆಳಗೆ ಅರ್ಧ ಇಂಚಿನ ಫಿನೋಲಿಕ್ ಸ್ಪೇಸರ್ (ಶಾಖ ತಡೆಯುವ ಗಟ್ಟಿ ರಾಳದ ಹಲಗೆ) ಹಾಕಿ, ಮೊದಲು ಬಾನೆಟ್‌ಗೆ ಏರ್ ಕ್ಲೀನರ್ ತಾಗುತ್ತದಾ ಅಳೆದುಕೊಳ್ಳಿ. ಫ್ಯೂಯಲ್ ಪೈಪನ್ನು ಹೆಡರ್‌ನಿಂದ ದೂರ ಒಯ್ಯಿರಿ. ಅಲ್ಲಿಯವರೆಗೆ ಬಿಸಿಯಲ್ಲಿ ಸ್ಟಾರ್ಟ್ ಮಾಡುವಾಗ ಪೆಡಲ್ ಪಂಪ್ ಮಾಡದೆ, ಅರ್ಧ ಒತ್ತಿ ಹಿಡಿದು ಕ್ರ್ಯಾಂಕ್ ಮಾಡಿ. ಪಂಪ್ ಮಾಡಿದಷ್ಟೂ ಒದ್ದೆಗೆ ಇನ್ನಷ್ಟು ಪೆಟ್ರೋಲ್ ಸುರಿದ ಹಾಗೆ.