ಒಂಬತ್ತನೇ ತರಗತಿಗೆ ಯಾವ ಐಚ್ಛಿಕ ವಿಷಯ? ಅನುಭವವಿದ್ದವರು ದಯವಿಟ್ಟು ತಿಳಿಸಿ

ನಾವು ವಿರಾಜಪೇಟೆಯ ಹತ್ತಿರದವರು. ಕ್ಯಾಥೊಲಿಕ್ ಸಿಸ್ಟರ್‌ಗಳು ನಡೆಸುವ ಐಸಿಎಸ್‌ಇ ಶಾಲೆಯಲ್ಲಿ ಮಗಳು ಎಂಟನೇ ತರಗತಿ ಮುಗಿಸುತ್ತಿದ್ದಾಳೆ. ಐಚ್ಛಿಕ ವಿಷಯಗಳಿರುವ ಮೂರನೇ ಗುಂಪಿನಿಂದ ಕಂಪ್ಯೂಟರ್ ಅಪ್ಲಿಕೇಶನ್ಸ್, ಗೃಹವಿಜ್ಞಾನ, ದೈಹಿಕ ಶಿಕ್ಷಣ, ಚಿತ್ರಕಲೆ ಇವುಗಳಲ್ಲಿ ಒಂದನ್ನು ಗುರುತು ಹಾಕಿ ಕೊಡಬೇಕೆಂದು ಫಾರಂ ಬಂದಿದೆ. ಗಣಿತ ಕಷ್ಟವೆನ್ನುವವರು ಅದರ ಬದಲು ಕಮರ್ಷಿಯಲ್ ಸ್ಟಡೀಸ್ ತೆಗೆದುಕೊಳ್ಳಬಹುದು ಎಂದೂ ಅದರಲ್ಲಿದೆ. ಮಗಳಿಗೆ ಹಾಕಿ ಆಟವೆಂದರೆ ಪ್ರಾಣ, ಗಣಿತದಲ್ಲಿ ಐವತ್ತರ ಆಸುಪಾಸು ಅಂಕ. ಕಂಪ್ಯೂಟರ್ ಬಿಟ್ಟರೆ ಮುಂದೆ ದಾರಿಯೇ ಇಲ್ಲವೆಂದು ನಮ್ಮ ಯಜಮಾನರ ಅಭಿಪ್ರಾಯ. ನಿಮ್ಮ ಮಕ್ಕಳ ವಿಷಯದಲ್ಲಿ ನೀವು ಏನು ಮಾಡಿದಿರಿ? ಶಾಲೆಯ ವೃತ್ತಿ ಮಾರ್ಗದರ್ಶನ ಉಪಯೋಗಕ್ಕೆ ಬಂತೇ? ನಾವು ಕ್ರೈಸ್ತರಲ್ಲ; ಧರ್ಮೋಪದೇಶದ ಪೀರಿಯಡ್ ಬಗ್ಗೆಯೂ ತಿಳಿಸಿದರೆ ಉಪಕಾರ.

*

ನಿವೃತ್ತ ಅಧ್ಯಾಪಕಿ, ಸೋಮವಾರಪೇಟೆ ಕಡೆಯವರು:

ಇಂಥದೇ ಒಂದು ಕಾನ್ವೆಂಟ್ ಶಾಲೆಯಲ್ಲಿ 22 ವರ್ಷ ಕಂಪ್ಯೂಟರ್ ಕಲಿಸಿದವಳು ನಾನು. ಆದರೂ ಹೆದರಿಕೆಯಿಂದ ನನ್ನ ವಿಷಯವನ್ನು ಆರಿಸಬೇಡಿ ಎಂದೇ ಹೇಳುತ್ತೇನೆ. ಐಸಿಎಸ್‌ಇಯ ಕಂಪ್ಯೂಟರ್ ಅಪ್ಲಿಕೇಶನ್ಸ್‌ನಲ್ಲಿ ಜಾವಾ ಭಾಷೆಯಲ್ಲಿ ಪ್ರೋಗ್ರಾಂ ಬರೆಯಬೇಕಾಗುತ್ತದೆ. ತಪ್ಪು ಎಲ್ಲಿದೆ ಎಂದು ಹುಡುಕುವುದರಲ್ಲೇ ಸುಖಪಡುವ ಮಕ್ಕಳು ಅದರಲ್ಲಿ ಅರಳುತ್ತಾರೆ. ಉಳಿದವರು ಪ್ರೋಗ್ರಾಂಗಳನ್ನು ಪದ್ಯದಂತೆ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮರುದಿನ ಮರೆತುಬಿಡುತ್ತಾರೆ. ಪಿಯುಸಿಯಲ್ಲಿ ಕಂಪ್ಯೂಟರ್ ವಿಜ್ಞಾನ ತೆಗೆದುಕೊಳ್ಳಲು ಹತ್ತರಲ್ಲಿ ಅದನ್ನು ಓದಿರಲೇಬೇಕೆಂದಿಲ್ಲ. ನಮ್ಮ ರಾಜ್ಯದ ಸಿಇಟಿಯಲ್ಲಿ ಎಂಜಿನಿಯರಿಂಗ್ ಸೀಟಿಗೆ ಪಿಯುಸಿಯ ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯ. ಮೂರನೆಯದು ರಸಾಯನಶಾಸ್ತ್ರವೋ ಜೀವಶಾಸ್ತ್ರವೋ ಕಂಪ್ಯೂಟರೋ ಎಲೆಕ್ಟ್ರಾನಿಕ್ಸೋ ಆಗಬಹುದು. ಹಾಗಾಗಿ ಮುಂದಿನ ದಾರಿಯ ಪ್ರಶ್ನೆ ಇರುವುದು ಕಂಪ್ಯೂಟರ್‌ನಲ್ಲಿ ಅಲ್ಲ, ನಿಮ್ಮ ಫಾರಂನ ಆ ಇನ್ನೊಂದು ಸಾಲಿನಲ್ಲಿ. ಐವತ್ತು ಅಂಕದ ಗಣಿತಕ್ಕೆ ಇನ್ನೂ ಎರಡು ವರ್ಷ ಸಮಯವಿದೆ. ದಯವಿಟ್ಟು ಅದನ್ನು ಬಿಡಿಸಬೇಡಿ.

ದೈಹಿಕ ಶಿಕ್ಷಣವೆಂದರೆ ಮೈದಾನದ ಪೀರಿಯಡ್ ಎಂದು ತಿಳಿದು ಅನೇಕರು ಮೋಸಹೋಗುತ್ತಾರೆ. ಮೂರನೇ ಗುಂಪಿನ ಯಾವ ವಿಷಯಕ್ಕಾದರೂ ಲಿಖಿತ ಪರೀಕ್ಷೆಗೆ 100, ಆಂತರಿಕ ಮೌಲ್ಯಮಾಪನಕ್ಕೆ 100 ಅಂಕ. ಮಾನವ ದೇಹದ ರಚನೆ, ಆಟಗಳ ನಿಯಮ, ಅಂಕಣದ ಅಳತೆ ಎಲ್ಲವನ್ನೂ ಕೂತು ಓದಬೇಕು. ಆರಿಸುವ ಮೊದಲು ಶಾಲೆಗೆ ಹೋಗಿ ಮೂರು ಮಾತು ಕೇಳಿ: ಈ ವಿಷಯಕ್ಕೆ ಕಾಯಂ ಶಿಕ್ಷಕರು ಇದ್ದಾರೆಯೇ, ವಾರಕ್ಕೆ ಎಷ್ಟು ಪೀರಿಯಡ್, ಕಳೆದ ವರ್ಷ ಎಷ್ಟು ಮಕ್ಕಳು ಇದನ್ನು ಬರೆದರು. ಫಾರಂನಲ್ಲಿ ನಾಲ್ಕು ವಿಷಯ ಅಚ್ಚಾಗಿದ್ದು ಶಿಕ್ಷಕರು ಇಬ್ಬರೇ ಇರುವ ಶಾಲೆಯನ್ನು ನಾನು ಕಂಡಿದ್ದೇನೆ. ಒಂಬತ್ತರಲ್ಲಿ ನೋಂದಾಯಿಸಿದ ವಿಷಯವನ್ನೇ ಹತ್ತರಲ್ಲಿ ಬರೆಯಬೇಕಾದ್ದರಿಂದ ಆಮೇಲೆ ಬದಲಿಸುತ್ತೇವೆ ಎಂಬ ಭರವಸೆ ಬೇಡ.

*

ತಂದೆಯೊಬ್ಬರು, ಪೊನ್ನಂಪೇಟೆ:

ಮೇಡಂ ಗಣಿತದ ಬಗ್ಗೆ ಹೇಳಿದ್ದನ್ನು ನಾನು ಅನುಭವಿಸಿದ್ದೇನೆ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಸೈನ್ಯಕ್ಕೆ ಹೋದವರಿದ್ದಾರೆ. ಮಗನಿಗೆ ಚಿಕ್ಕಂದಿನಿಂದ ವಾಯುಪಡೆಯ ಆಸೆ. ಒಂಬತ್ತರಲ್ಲಿ ಗಣಿತ ಬಿಡಿಸಿದೆವು, ಹತ್ತರಲ್ಲಿ ಒಳ್ಳೆಯ ಅಂಕ ಬಂತು, ಪಿಯುಸಿಯಲ್ಲಿ ವಾಣಿಜ್ಯ ವಿಭಾಗಕ್ಕೆ ಸೇರಿಸಿದೆವು. ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಅರ್ಜಿ ತುಂಬಲು ಕೂತ ದಿನವೇ ನಮಗೆ ಗೊತ್ತಾದದ್ದು: ಭೂಸೇನೆಯ ವಿಭಾಗಕ್ಕೆ ಹನ್ನೆರಡನೇ ತರಗತಿಯಲ್ಲಿ ಯಾವ ವಿಷಯ ಓದಿದ್ದರೂ ಸಾಕು, ಆದರೆ ವಾಯುಪಡೆಗೂ ನೌಕಾಪಡೆಗೂ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತ ಬೇಕೇ ಬೇಕು. ಅರ್ಜಿಯನ್ನು ಮಡಚಿಟ್ಟು ಅವನು ಏನೂ ಮಾತನಾಡದೆ ತೋಟದ ಕಡೆಗೆ ನಡೆದುಹೋದದ್ದು ಇಂದಿಗೂ ನನ್ನ ಕಣ್ಣ ಮುಂದಿದೆ.

ಅವನ ಶಾಲೆಯಲ್ಲಿಯೂ ವೃತ್ತಿ ಮಾರ್ಗದರ್ಶನ ನಡೆದಿತ್ತು. ಹೊರಗಿನಿಂದ ಬಂದ ಸಂಸ್ಥೆಯೊಂದು ಎರಡು ಗಂಟೆ ತನ್ನ ಕೋಚಿಂಗ್ ತರಗತಿಗಳ ವಿಷಯವನ್ನೇ ಹೇಳಿ, ಪೋಷಕರ ಮೊಬೈಲ್ ನಂಬರ್ ಬರೆಸಿಕೊಂಡು ಹೋಯಿತು. ಮಕ್ಕಳಿಗೆ ಏನಾಗಬೇಕೆಂಬ ಆಸೆಯಿದೆ, ಅದಕ್ಕೆ ಯಾವ ವಿಷಯ ಬೇಕು ಎಂದು ಯಾರೂ ಕೇಳಲಿಲ್ಲ. 2021ರಿಂದ ಹೆಣ್ಣುಮಕ್ಕಳೂ ಎನ್‌ಡಿಎ ಪರೀಕ್ಷೆ ಬರೆಯುತ್ತಿದ್ದಾರೆ; ಹಾಕಿ ಆಡುವ ನಿಮ್ಮ ಮಗಳಿಗೆ ನಾಳೆ ಆ ಕಡೆ ಮನಸ್ಸಾದರೆ ಬಾಗಿಲು ತೆರೆದಿರಲಿ.

*

ಹಳೆಯ ವಿದ್ಯಾರ್ಥಿನಿ, ಕುಶಾಲನಗರ:

ಮಾರ್ಗದರ್ಶನ ಎಲ್ಲ ಕಡೆಯೂ ಹಾಗೆಯೇ ಇರುತ್ತದೆ ಎಂದು ಭಾವಿಸಬೇಡಿ ಅಕ್ಕ. ನಮ್ಮ ಶಾಲೆಯಲ್ಲಿ ಸಿಸ್ಟರ್ ಒಬ್ಬರು ಶನಿವಾರ ಹತ್ತು ಹತ್ತು ಮಕ್ಕಳನ್ನು ಯಾವುದಾದರೂ ಕೆಲಸದ ಜಾಗಕ್ಕೆ ಕರೆದೊಯ್ಯುತ್ತಿದ್ದರು. ಒಮ್ಮೆ ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ, ಅಂದರೆ ಕಾಫಿ ಬೀಜ ಹದಮಾಡುವ ಕಾರ್ಖಾನೆಗೆ, ಹೋಗಿದ್ದೆವು. ಹೆಂಗಸರು ಸಾಲಾಗಿ ಕೂತು ಕಪ್ಪು ಬೀಜಗಳನ್ನು ಆರಿಸುತ್ತಿದ್ದರು. ಒಳಗಿನ ಕೋಣೆಯಲ್ಲಿ ಒಬ್ಬರು ಸಾಲು ಬಟ್ಟಲುಗಳಿಂದ ಚಮಚದಲ್ಲಿ ಕಾಫಿ ಎತ್ತಿ, ಸೊರ್ರೆಂದು ಹೀರಿ, ಉಗುಳಿ, ಏನೋ ಅಂಕ ಬರೆದುಕೊಳ್ಳುತ್ತಿದ್ದರು. ಕಾಫಿ ತೋಟದ ನಡುವೆಯೇ ಬೆಳೆದ ನನಗೆ ಅದೂ ಓದಿ ಮಾಡುವ ಕೆಲಸವೆಂದು ಅಲ್ಲಿಯವರೆಗೆ ತಿಳಿದಿರಲಿಲ್ಲ. ವಿಜ್ಞಾನ ಪದವಿ ಮುಗಿಸಿ, ಕಾಫಿ ಮಂಡಳಿಯವರು ಬೆಂಗಳೂರಿನಲ್ಲಿ ನಡೆಸುವ ಕಾಫಿ ಗುಣಮಟ್ಟದ ಸ್ನಾತಕೋತ್ತರ ಡಿಪ್ಲೊಮಾ ಮಾಡಿ, ಈಗ ಅಂಥದೇ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಹತ್ತರಲ್ಲಿ ನನ್ನ ಐಚ್ಛಿಕ ವಿಷಯ ಗೃಹವಿಜ್ಞಾನವಾಗಿತ್ತು. ಅದರಿಂದ ಯಾವ ತೊಂದರೆಯೂ ಆಗಲಿಲ್ಲ. ಶಾಲೆಯವರು ಕರೆದೊಯ್ಯದಿದ್ದರೆ ನೀವೇ ಕರೆದೊಯ್ಯಿರಿ. ಪೊನ್ನಂಪೇಟೆಯ ಅರಣ್ಯ ಕಾಲೇಜು ನಿಮಗೆ ದೂರವೇನಲ್ಲ.

*

ತಾಯಿಯೊಬ್ಬರು, ಮಡಿಕೇರಿ:

ಧರ್ಮೋಪದೇಶದ ಬಗ್ಗೆ ಚಿಂತೆ ಬೇಡ. ನಮ್ಮ ಮಕ್ಕಳ ಶಾಲೆಯಲ್ಲಿ ಕ್ಯಾಥೊಲಿಕ್ ಮಕ್ಕಳು ಅದಕ್ಕೆ ಹೋಗುವಾಗ ಉಳಿದವರಿಗೆ ಮೌಲ್ಯಶಿಕ್ಷಣ ಇರುತ್ತದೆ. ಸರ್ಕಾರದ ಮಾನ್ಯತೆ ಇರುವ ಶಾಲೆ ಪೋಷಕರ ಒಪ್ಪಿಗೆಯಿಲ್ಲದೆ ಮಗುವಿಗೆ ಧಾರ್ಮಿಕ ಬೋಧನೆ ಕಡ್ಡಾಯ ಮಾಡುವಂತಿಲ್ಲವೆಂದು ಸಂವಿಧಾನದ 28ನೇ ವಿಧಿಯಲ್ಲೇ ಇದೆ.

*

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಇವೆಲ್ಲವನ್ನೂ ಯಜಮಾನರಿಗೆ ಓದಿ ಹೇಳಿದೆ. ಗಣಿತ ಉಳಿಸಿಕೊಳ್ಳುವುದೆಂದು ನಿನ್ನೆ ರಾತ್ರಿಯೇ ತೀರ್ಮಾನವಾಯಿತು. ಹತ್ತರಲ್ಲಿರುವ ಪಕ್ಕದ ಮನೆಯ ಹುಡುಗಿಯಿಂದ ದೈಹಿಕ ಶಿಕ್ಷಣ ಮತ್ತು ಕಂಪ್ಯೂಟರ್ ಎರಡರ ಪುಸ್ತಕಗಳನ್ನೂ ತಂದುಕೊಟ್ಟಿದ್ದೇನೆ. ಫಾರಂ ಕೊಡಲು ಶುಕ್ರವಾರದವರೆಗೆ ಸಮಯವಿದೆ. ಎರಡನ್ನೂ ಓದಿ ನೋಡಿ ಅವಳೇ ಗುರುತು ಹಾಕಲೆಂದು ಆ ಒಂದು ಜಾಗವನ್ನು ಖಾಲಿ ಬಿಟ್ಟಿದ್ದೇವೆ.